ಬೇಸ್ ಗಿಟಾರಿಗೆ ಹೊಸ ಕ್ಯಾಬ್: ಫೋರ್-ಟೆನ್ ತಗೊಳ್ಳೋದಾ, ಟೂ-ಟೆನ್ ಸಾಕಾ?

ಮೈಸೂರು_ಬೇಸ್

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ನಾಲ್ಕು ತಂತಿಯ ಜಾಜ್ ಬೇಸ್ ಇದೆ. 300 ವ್ಯಾಟಿನ ಕ್ಲಾಸ್-ಡಿ ಹೆಡ್ (ಸ್ಪೀಕರ್ ಇಲ್ಲದ ಬರೀ ಆಂಪ್) ಇದೆ, ಹಿಂದುಗಡೆ "ಕನಿಷ್ಠ 4 ಓಮ್" ಅಂತ ಬರೆದಿದೆ. ಅದಕ್ಕೆ 15 ಇಂಚಿನ ಒಂದೇ ಸ್ಪೀಕರ್ ಇರುವ 8 ಓಮ್ ಕ್ಯಾಬ್, ಅಂದರೆ ಸ್ಪೀಕರ್ ಡಬ್ಬ, ಜೋಡಿಸಿದ್ದೇನೆ. ಅಗ್ಗದ ಮಾಲು, ಕಂಪನಿ ಹೆಸರು ಬೇಡ ಬಿಡಿ.

ಮನೆಯಲ್ಲಿ ಒಬ್ಬನೇ ನುಡಿಸಿದರೆ ಸಖತ್ತಾಗಿದೆ. ಕಿಟಕಿ ಗಾಜು ಅದುರುತ್ತದೆ, ಪಕ್ಕದ ಮನೆ ಆಂಟಿ ಬಂದು ಕೇಳುವಷ್ಟು. ಆದರೆ ಬ್ಯಾಂಡ್ ಜೊತೆ ನಿಂತ ತಕ್ಷಣ ನಾನು ಮಾಯ. ಡ್ರಮ್ಸ್, ಎರಡು ಗಿಟಾರ್, ಒಂದು ಕೀಬೋರ್ಡ್, ಇವರ ಮಧ್ಯೆ ನನ್ನದು ಬರೀ ಗುಂಯ್ ಅನ್ನುವ ಸದ್ದು. ಯಾವ ಸ್ವರ ನುಡಿಸುತ್ತಿದ್ದೇನೆ ಅಂತ ನನಗೇ ಗೊತ್ತಾಗುವುದಿಲ್ಲ. ಬೇಸ್ ನಾಬ್ ಇನ್ನೂ ತಿರುಗಿಸಿದರೆ ಇನ್ನೂ ಕಲಸಿಹೋಗುತ್ತದೆ.

ಕೆಫೆ, ಪಬ್, ಕಾಲೇಜ್ ಫೆಸ್ಟ್, ಗಣೇಶನ ಕಾರ್ಯಕ್ರಮ ಎಲ್ಲ ಮಾಡುತ್ತೇವೆ. ಸೆಕೆಂಡ್ ಹ್ಯಾಂಡಲ್ಲಿ ಒಂದು ಫೋರ್-ಟೆನ್ ಸಿಗುವ ಹಾಗಿದೆ, ಅಂದರೆ 10 ಇಂಚಿನ ನಾಲ್ಕು ಸ್ಪೀಕರ್ ಇರುವುದು. ಭಾರ ನೋಡಿ ಭಯವಾಯಿತು. ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ, ಕಾರು ಆಲ್ಟೋ. ಟೂ-ಟೆನ್ ತಗೊಂಡರೆ ಸಾಕಾಗುತ್ತದಾ? ಕೆಲವರು "10 ಇಂಚಿಂದ ಲೋ (ತೀರಾ ಕೆಳಗಿನ ಸದ್ದು) ಬರಲ್ಲ, 15 ಬಿಡಬೇಡ" ಅನ್ನುತ್ತಾರೆ. ಬಜೆಟ್ ಐವತ್ತು ಸಾವಿರದ ಆಸುಪಾಸು. ದಾರಿ ತೋರಿಸಿ.

ಹಳೇ_ತಂತಿ

ತಮ್ಮಾ, ದುಡ್ಡು ತೆಗೆಯುವ ಮುಂಚೆ ಒಂದು ಕೆಲಸ ಮಾಡಿ. ಮುಂದಿನ ಪ್ರಾಕ್ಟೀಸಿಗೆ ಹೋದಾಗ ಬೇಸ್ ನಾಬ್ ನಡುವಿಗಿಂತ ಸ್ವಲ್ಪ ಕೆಳಗಿಳಿಸಿ, ಮಿಡ್ (ನಡುವಿನ ಫ್ರೀಕ್ವೆನ್ಸಿ) ಏರಿಸಿ. ಹೆಡ್ಡಿನಲ್ಲಿ ಮಿಡ್ ಫ್ರೀಕ್ವೆನ್ಸಿ ಆರಿಸುವ ಸೌಲಭ್ಯ ಇದ್ದರೆ 400ರಿಂದ 800 ಹರ್ಟ್ಸ್ ನಡುವೆ ಎಲ್ಲಾದರೂ ಇಡಿ. ಮನೆಯಲ್ಲಿ ಕೇಳಿದರೆ ಇದು ಕೆಟ್ಟದಾಗಿ, ಮೂಗಿನಲ್ಲಿ ಮಾತಾಡಿದ ಹಾಗೆ ಕೇಳುತ್ತದೆ. ಬ್ಯಾಂಡಿನ ಮಧ್ಯೆ ಅದೇ ಸರಿಯಾಗಿ ಕೂರುತ್ತದೆ. ಒಬ್ಬರೇ ಕೂತು ಟೋನ್ ಸೆಟ್ ಮಾಡಿ ಅದನ್ನೇ ಸ್ಟೇಜಿಗೆ ತಗೊಂಡು ಹೋಗುವುದೇ ಅರ್ಧ ತೊಂದರೆಗೆ ಕಾರಣ.

ಇನ್ನು "10 ಇಂಚಿಂದ ಲೋ ಬರಲ್ಲ" ಅನ್ನುವ ಮಾತು. ಇದನ್ನು ನಂಬಬೇಡಿ. ನಮ್ಮ ಓಪನ್ ಇ ತಂತಿ ಸುಮಾರು 41 ಹರ್ಟ್ಸ್. ಆದರೆ ಆ ತಂತಿ ಬರೀ 41 ಕೊಡುವುದಿಲ್ಲ. 82, 123, ಹೀಗೆ ಮೇಲಿನ ಹಾರ್ಮೋನಿಕ್‌ಗಳೂ ಜೊತೆಗೇ ಬರುತ್ತವೆ, ಕಿವಿ ಸ್ವರ ಗುರುತಿಸುವುದು ಹೆಚ್ಚಾಗಿ ಅವುಗಳಿಂದ. ಚಿಕ್ಕ ರೇಡಿಯೋದಲ್ಲೂ ಬೇಸ್ ಲೈನ್ ಯಾವುದು ಅಂತ ಗೊತ್ತಾಗುತ್ತದೆ ಅಲ್ವಾ, ಆ ಸ್ಪೀಕರಿಗೆ 41 ಹರ್ಟ್ಸ್ ಹುಟ್ಟಿಸುವ ತಾಕತ್ತೇ ಇಲ್ಲ.

ರಾಕ್ ಬೇಸ್ ಅಂದರೆ ಎಲ್ಲರ ಕಣ್ಣ ಮುಂದೆ ಬರುವ ಕ್ಯಾಬ್ ಆಂಪೆಗ್‌ನ ಎಯ್ಟ್-ಟೆನ್. 1969ರಲ್ಲಿ 300 ವ್ಯಾಟಿನ ಎಸ್‌ವಿಟಿ ಟ್ಯೂಬ್ ಹೆಡ್ ಜೊತೆ ಬಂತು. ಫ್ರಿಜ್ಜು ಅಂತಲೇ ಅದಕ್ಕೆ ಹೆಸರು, ಹತ್ತಿರ ಹತ್ತಿರ 63 ಕೆಜಿ. ಅದರ ಸ್ಪೆಸಿಫಿಕೇಶನ್ ನೋಡಿ, 58 ಹರ್ಟ್ಸಿಗೇ 3 ಡೆಸಿಬಲ್ ಇಳಿದಿರುತ್ತದೆ, 40ಕ್ಕೆ ಬರುವಾಗ 10 ಡೆಸಿಬಲ್ ಕಡಿಮೆ. ಅಂದರೆ ಓಪನ್ ಇ ತಂತಿಯ ಮೂಲ ಕಂಪನ ಅದರಲ್ಲಿ ಅಷ್ಟೇನೂ ಇಲ್ಲ. ಆದರೂ ಅದು ಕ್ರೀಡಾಂಗಣಗಳಲ್ಲಿ ಎದೆಗೆ ಹೊಡೆಯುತ್ತಿತ್ತು. ಯಾಕೆ ಅಂದರೆ ಎಂಟು ಸ್ಪೀಕರ್ ಸೇರಿ ತಳ್ಳುವ ಗಾಳಿ, ಮುಚ್ಚಿದ ಡಬ್ಬ, ತುಂಬಿದ ಮಿಡ್. ಬ್ಯಾಂಡಿನಲ್ಲಿ ಆ ಕೆಳಗಿನ ಜಾಗ ಹೇಗೂ ಕಿಕ್ ಡ್ರಮ್ಮಿನದು.

ಸ್ಪೀಕರಿನ ವ್ಯಾಸ ಒಂದನ್ನೇ ನೋಡಿ ಕ್ಯಾಬ್ ಆರಿಸಬೇಡಿ. ಒಳ್ಳೆಯ ಹತ್ತಿಂಚು ಸರಿಯಾದ ಡಬ್ಬದಲ್ಲಿದ್ದರೆ ಅಗ್ಗದ ಹದಿನೈದಕ್ಕಿಂತ ಕೆಳಗೆ ಹೋಗುತ್ತದೆ.

ಓಮ್_ನಮಃ

ಮೇಲಿನವರು ಹೇಳಿದ್ದು ಸರಿ. ನಾನು ಕರೆಂಟಿನ ಕಡೆಯಿಂದ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಓಮ್ ಅಂದರೆ ಕ್ಯಾಬ್ ಕರೆಂಟಿಗೆ ಒಡ್ಡುವ ತಡೆ, ಅದು ಕಡಿಮೆಯಾದಷ್ಟೂ ಹೆಡ್ಡಿನಿಂದ ಜಾಸ್ತಿ ಕರೆಂಟ್ ಎಳೆಯುತ್ತದೆ. ನಿಮ್ಮ ಹೆಡ್ 300 ವ್ಯಾಟ್ ಕೊಡುವುದು 4 ಓಮಿಗೆ. ಈಗ ಅದಕ್ಕೆ ಸಿಕ್ಕಿರುವುದು 8 ಓಮ್, ಹಾಗಾಗಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತಿರಬಹುದು ಅಷ್ಟೇ. ಹೆದರಬೇಡಿ, ವ್ಯಾಟ್ ಎರಡರಷ್ಟಾದರೆ ಏರುವ ಸದ್ದು ಬರೀ 3 ಡೆಸಿಬಲ್. ಕಿವಿಗೆ "ಹೂಂ, ಸ್ವಲ್ಪ ಜಾಸ್ತಿ ಆಯ್ತು" ಅನ್ನುವಷ್ಟು. ಅದಕ್ಕೇ ದೊಡ್ಡ ಹೆಡ್ ತಗೊಂಡವರಿಗೆ ನಿರಾಸೆ ಆಗುವುದು.

ಅದೇ ಇನ್ನೊಂದು 8 ಓಮ್ ಕ್ಯಾಬ್ ಸೇರಿಸಿದರೆ ಕಥೆ ಬೇರೆ. ಎರಡು 8 ಓಮ್ ಪ್ಯಾರಲಲ್ ಆದರೆ 4 ಓಮ್. ಹೆಡ್ ಪೂರ್ತಿ ಕೆಲಸ ಮಾಡುತ್ತದೆ, ಜೊತೆಗೆ ಗಾಳಿ ತಳ್ಳುವ ಕೋನುಗಳ ಜಾಗವೂ ಎರಡರಷ್ಟು. ಎರಡೂ ಕ್ಯಾಬ್ ಒಂದೇ ಥರದ್ದಾಗಿದ್ದರೆ, ಹತ್ತಿರ ಹತ್ತಿರ ಇಟ್ಟರೆ, ಒಟ್ಟು 5ರಿಂದ 6 ಡೆಸಿಬಲ್ ಏರುತ್ತದೆ. ಅದು ಸ್ಟೇಜಲ್ಲಿ ಎದ್ದು ಕೇಳುವ ವ್ಯತ್ಯಾಸ.

ಹಾಗಾಗಿ ಏನೇ ತಗೊಂಡರೂ 8 ಓಮಿನದೇ ತಗೊಳ್ಳಿ. 4 ಓಮಿನ ಕ್ಯಾಬ್ ತಗೊಂಡರೆ ಮುಂದೆ ಸೇರಿಸುವ ದಾರಿ ಮುಚ್ಚಿತು. 4ಕ್ಕೆ 8 ಸೇರಿದರೆ 2.67 ಓಮ್ ಆಗುತ್ತದೆ, ನಿಮ್ಮ ಹೆಡ್ಡಿಗೆ ಅದು ಆಗದು. ಕೆಲವು ಹೆಡ್‌ಗಳು ಪ್ರೊಟೆಕ್ಷನ್ ಹಾಕಿಕೊಂಡು ಹಾಡಿನ ಮಧ್ಯೆ ಸುಮ್ಮನಾಗುತ್ತವೆ, ಕೆಲವು ಸುಟ್ಟುಹೋಗುತ್ತವೆ.

ಕ್ಯಾಬ್ ಹೋಲಿಸುವಾಗ ವ್ಯಾಟ್ ಬಿಟ್ಟು ಸೆನ್ಸಿಟಿವಿಟಿ ನೋಡಿ. 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಅನ್ನುವ ಲೆಕ್ಕ. 94 ಇರುವುದಕ್ಕೂ 100 ಇರುವುದಕ್ಕೂ 6 ಡೆಸಿಬಲ್ ವ್ಯತ್ಯಾಸ. ಅದನ್ನು ಹೆಡ್ಡಿನಿಂದ ತುಂಬಿಸಬೇಕಾದರೆ ನಾಲ್ಕರಷ್ಟು ವ್ಯಾಟ್ ಬೇಕು. ಆದರೆ ಈ ಸಂಖ್ಯೆಯನ್ನು ಕಂಪನಿಗಳು ಮಿಡ್‌ನಲ್ಲಿ ಅಳೆದು ಹಾಕುವುದೂ ಉಂಟು, ಕಣ್ಣು ಮುಚ್ಚಿ ನಂಬಬೇಡಿ.

"ಚಿಕ್ಕ ಡಬ್ಬ, ಆಳವಾದ ಲೋ, ಜೋರು ಸದ್ದು" ಈ ಮೂರೂ ಒಟ್ಟಿಗೆ ಸಿಗುವುದಿಲ್ಲ. ಎರಡು ಆರಿಸಿಕೊಂಡರೆ ಮೂರನೆಯದು ಹೋಗುತ್ತದೆ. ಕೆ.ಎಲ್.ಎಚ್. ಸ್ಪೀಕರ್ ಕಂಪನಿಯ ಮೂವರು ಸ್ಥಾಪಕರಲ್ಲಿ ಹಾಫ್‌ಮನ್ ಅಂತ ಒಬ್ಬರಿದ್ದರು, ಇದಕ್ಕೆ ಅವರ ಹೆಸರೇ ಅಂಟಿಕೊಂಡಿದೆ. ನಿಯೋಡಿಮಿಯಂ ಮ್ಯಾಗ್ನೆಟ್ ಬಂದ ಮೇಲೆ ಭಾರ ಇಳಿಯಿತು, ಆದರೆ ಈ ನಿಯಮ ಹಾಗೇ ಇದೆ. ಆಲ್ಟೋ ಡಿಕ್ಕಿಗೆ ಹಿಡಿಯಬೇಕು ಅಂದರೆ ಜೋರಿನ ಪರವಾಗಿ ಆಳವನ್ನು ಬಿಟ್ಟುಕೊಡಿ ಅನ್ನುವುದು ನನ್ನ ಅಭಿಪ್ರಾಯ.

ಹದಿನೈದಿಂಚು

ಎಲ್ಲರೂ ಸೇರಿ ಹದಿನೈದನ್ನು ಬಯ್ಯುತ್ತಿದ್ದೀರಲ್ಲ ಗುರೂ 😄 ಆಂಪೆಗ್ ಬಿ-15 ಮರೆತಿರಾ? 1960ರಲ್ಲಿ ಬಂದದ್ದು, ಒಂದೇ 15 ಇಂಚು. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸಿಸ್ಟ್ ಜೇಮ್ಸ್ ಜೇಮರ್ಸನ್ ಬಳಸುತ್ತಿದ್ದದ್ದು ಅದನ್ನೇ. ಫ್ಲಾಟ್‌ವೌಂಡ್ (ಮೈ ನುಣುಪಾದ) ತಂತಿ ಹಾಕಿ ಹದಿನೈದರಲ್ಲಿ ನುಡಿಸಿದರೆ ಬರುವ ಆ ದುಂಡನೆಯ ಸದ್ದು ಹತ್ತಿಂಚಿನಲ್ಲಿ ನನಗಂತೂ ಸಿಕ್ಕಿಲ್ಲ. ಹಳೇ ಸಿನಿಮಾ ಹಾಡು, ರೆಗ್ಗೇ, ಸೋಲ್ ನುಡಿಸುವವರು 15 ಮಾರಬೇಡಿ.

ಹಳೇ_ತಂತಿ

@ಹದಿನೈದಿಂಚು ಬಿ-15 ನನಗೂ ಇಷ್ಟ. ಆದರೆ ಅದು 25-30 ವ್ಯಾಟಿನ ಆಂಪ್, ಸ್ಟುಡಿಯೋದಲ್ಲಿ, ಕ್ಲಬ್ಬಿನಲ್ಲಿ ಚೆಂದ. ಎರಡು ಗಿಟಾರಿನವರು ವಾಲ್ಯೂಮನ್ನು ಹನ್ನೊಂದಕ್ಕೆ ತಿರುಗಿಸಿಕೊಂಡು ನಿಂತಿರುವ ಫೆಸ್ಟಿನಲ್ಲಿ ಅಲ್ಲ.

ಫೆಂಡರ್ ಬೇಸ್‌ಮನ್ ಕೂಡ 1952ರಲ್ಲಿ ಶುರುವಾದದ್ದು ಒಂದು 15 ಇಂಚಿನಿಂದಲೇ. ಕೆಲವೇ ವರ್ಷದಲ್ಲಿ ಅದನ್ನು ಬಿಟ್ಟು ನಾಲ್ಕು ಹತ್ತಿಂಚು ಹಾಕಿದರು. ತಮಾಷೆ ಅಂದರೆ ಆ ಫೋರ್-ಟೆನ್ ಬೇಸ್‌ಮನ್ ಬೇಸಿನವರಿಗಿಂತ ಗಿಟಾರಿನವರಿಗೆ ಜಾಸ್ತಿ ಹಿಡಿಸಿತು, ಮಾರ್ಷಲ್ ಮೊದಲ ಆಂಪ್ ಮಾಡಿದ್ದು ಅದರ ಸರ್ಕ್ಯೂಟ್ ನೋಡಿಕೊಂಡೇ. ನಮ್ಮ ಆಂಪ್ ಕಿತ್ತುಕೊಂಡು ನಮ್ಮನ್ನೇ ಮುಳುಗಿಸುತ್ತಿದ್ದಾರೆ ಇವರು.

ಹುಬ್ಬಳ್ಳಿ_ಆರ್ಕೆಸ್ಟ್ರಾ

ನಾನು ಆರ್ಕೆಸ್ಟ್ರಾದಾಗ ನುಡಿಸುವವನು ರೀ, ಗಣೇಶನ ಹಬ್ಬ, ರಾಜ್ಯೋತ್ಸವ, ಜಾತ್ರೆ ಇವೇ ನಮ್ಮ ಸೀಸನ್. ನೀವು ಎಲ್ಲರೂ ಕ್ಯಾಬಿನ ಬಗ್ಗೆ ಮಾತಾಡುತ್ತಿದ್ದೀರಿ, ಜನರಿಗೆ ಕೇಳುವುದು ಕ್ಯಾಬ್ ಅಲ್ಲ, ಪಿಎ, ಅಂದರೆ ಜನರ ಕಡೆ ತಿರುಗಿಸಿಟ್ಟ ದೊಡ್ಡ ಸ್ಪೀಕರ್‌ಗಳು. ಪೆಂಡಾಲಿನಲ್ಲಿ ಬೇಸ್ ಡಿಐ (ಮಿಕ್ಸರಿಗೆ ನೇರವಾಗಿ ಸದ್ದು ಕಳಿಸುವ ಔಟ್‌ಪುಟ್) ಮೂಲಕ ಮಿಕ್ಸರಿಗೆ ಹೋಗುತ್ತದೆ. ಅಲ್ಲಿ ಸಬ್‌ವೂಫರ್ ಇದ್ದರೆ ಪುಣ್ಯ. ಬರೀ ಹಾರ್ನ್ ಮತ್ತು ಕಾಲಮ್ ಕಟ್ಟಿದ್ದರೆ ನಿಮ್ಮ ಹತ್ತಿರ ಯಾವ ಕ್ಯಾಬ್ ಇದ್ದರೂ ಹಿಂದಿನ ಸಾಲಿನವರಿಗೆ ಬೇಸ್ ಇಲ್ಲ.

ಹಂಗಾಗಿ ಕ್ಯಾಬ್ ಏನಿದ್ದರೂ ನಿಮಗೆ ಮತ್ತು ಡ್ರಮ್ಮರಿಗೆ ಕೇಳಲಿಕ್ಕೆ. ಅದಕ್ಕೆ ಒಂದು ಟೂ-ಟೆನ್ ಧಾರಾಳ. ಸೌಂಡಿನವರಿಗೆ ಡಿಐ ಕೊಡುವಾಗ ಪ್ರೀ (ನಿಮ್ಮ ನಾಬ್‌ಗಳಿಗೆ ಮುಂಚಿನ ಸದ್ದು) ಕಡೆ ಒತ್ತಿ, ಪೋಸ್ಟ್ (ನಾಬ್ ದಾಟಿ ಬಂದದ್ದು) ಬೇಡ. ಇಲ್ಲದಿದ್ದರೆ ನೀವು ಸ್ಟೇಜಿನ ಮೇಲೆ ನಾಬ್ ತಿರುಗಿಸಿದಾಗಲೆಲ್ಲ ಅವರ ಮಿಕ್ಸ್ ಕೆಡುತ್ತದೆ, ಆಮೇಲೆ ನಿಮ್ಮನ್ನು ಪೂರ್ತಿ ಇಳಿಸಿಬಿಡುತ್ತಾರೆ.

ಇನ್ನೊಂದು ಮಾತು. ಪೆಂಡಾಲಿನ ಸ್ಟೇಜು ಅಂದರೆ ಕಬ್ಬಿಣದ ಕಂಬದ ಮೇಲೆ ಹಲಗೆ ಹೊಂದಿಸಿದ್ದು, ಕೆಳಗೆ ಪೂರ್ತಿ ಟೊಳ್ಳು. ಅದರ ಮೇಲೆ ನೇರವಾಗಿ ಕ್ಯಾಬ್ ಇಟ್ಟರೆ ಸ್ಟೇಜೇ ಡ್ರಮ್ ಆಗುತ್ತದೆ. ನೀವು ಹೇಳುವ ಗುಂಯ್ ಅರ್ಧ ಅಲ್ಲಿಂದಲೇ ಬರುತ್ತಿರಬೇಕು. ಗಟ್ಟಿ ಕುರ್ಚಿ ಮೇಲೋ, ಖಾಲಿ ಕ್ರೇಟ್ ಮೇಲೋ ದಪ್ಪ ಫೋಮ್ ಹಾಕಿ ಎತ್ತಿಡಿ. ಎರಡು ಲಾಭ. ಹಲಗೆ ಅದುರುವುದು ಕಮ್ಮಿ, ಮತ್ತೆ ಸ್ಪೀಕರ್ ನಿಮ್ಮ ಮೊಳಕಾಲಿಗಲ್ಲ, ಕಿವಿಗೆ ಕೇಳುತ್ತದೆ.

ಜನರೇಟರ್ ಮೇಲೆ ಹಮ್ ಬಂದರೆ ಡಿಐನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಪ್ಲಗ್ಗಿನ ಅರ್ತ್ ಪಿನ್ ಮುರಿಯುವ ಬುದ್ಧಿವಂತರು ನಮ್ಮ ಕಡೆ ಬಹಳ ಮಂದಿ ಇದ್ದಾರೆ. ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿ ಶಾಕ್ ಹೊಡೆದಾಗ ಗೊತ್ತಾಗುತ್ತದೆ.

ಪ್ಲೈವುಡ್_ಪ್ರೇಮಿ

ಐವತ್ತು ಸಾವಿರ ಯಾಕೆ, ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಸ್ಪೀಕರ್ ತಂದು ನಿಮ್ಮೂರಿನ ಬಡಗಿ ಹತ್ತಿರ ಡಬ್ಬ ಮಾಡಿಸಿದರೆ ಅರ್ಧ ದುಡ್ಡು ಉಳಿಯುತ್ತದೆ. ನಾನು ಮಾಡಿಸಿದ್ದೇನೆ, ಚೆನ್ನಾಗಿದೆ.

ಓಮ್_ನಮಃ

@ಪ್ಲೈವುಡ್_ಪ್ರೇಮಿ ಮಾಡಬಹುದು, ಬೇಡ ಅನ್ನುವುದಿಲ್ಲ. ಆದರೆ ಅಳತೆ ಇಲ್ಲದೆ ಮಾಡಬಾರದು. ಸ್ಪೀಕರಿನ ಜೊತೆ ಒಂದು ಡೇಟಾ ಶೀಟ್ ಇರಬೇಕು. ಅದರಲ್ಲಿ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಅಂತ ಮೂರು ಸಂಖ್ಯೆ ನೋಡಿ. ಡಬ್ಬ ಎಷ್ಟು ಲೀಟರ್ ಇರಬೇಕು, ಪೋರ್ಟ್ (ಡಬ್ಬದಿಂದ ಗಾಳಿ ಹೊರಬರುವ ಕೊಳವೆ) ಎಷ್ಟು ಉದ್ದ ಇರಬೇಕು ಅನ್ನುವುದು ಅವುಗಳಿಂದಲೇ ಬರುತ್ತದೆ. ವಿನ್‌ಐಎಸ್‌ಡಿ ಅನ್ನುವ ಉಚಿತ ಸಾಫ್ಟ್‌ವೇರ್ ಈ ಲೆಕ್ಕ ಮಾಡಿಕೊಡುತ್ತದೆ. ಡೇಟಾ ಶೀಟ್ ಇಲ್ಲದ ಸ್ಪೀಕರಿಗೆ ಅಂದಾಜಿನ ಮೇಲೆ ಡಬ್ಬ ಮಾಡಿದರೆ ಒಂದು ಸ್ವರ ಢಂ ಅನ್ನುತ್ತದೆ, ಪಕ್ಕದ ಸ್ವರ ಸತ್ತಿರುತ್ತದೆ.

ಪೋರ್ಟ್ ಇರುವ ಡಬ್ಬದಲ್ಲಿ ಇನ್ನೊಂದು ವಿಷಯ. ಟ್ಯೂನ್ ಮಾಡಿದ ಫ್ರೀಕ್ವೆನ್ಸಿಗಿಂತ ಕೆಳಗೆ ಹೋದರೆ ಸದ್ದು ಒಂದೊಂದು ಆಕ್ಟೇವಿಗೆ 24 ಡೆಸಿಬಲ್ ಬಿದ್ದುಹೋಗುತ್ತದೆ, ಮುಚ್ಚಿದ ಡಬ್ಬದಲ್ಲಿ 12 ಮಾತ್ರ. ಅಷ್ಟೇ ಅಲ್ಲ, ಅಲ್ಲಿ ಕೋನಿಗೆ ಹಿಡಿತ ಇರುವುದಿಲ್ಲ. ಸದ್ದು ಬರದಿದ್ದರೂ ಕೋನ್ ಸುಮ್ನೆ ಹಿಂದೆ ಮುಂದೆ ಒದ್ದಾಡುತ್ತಿರುತ್ತದೆ. ಆಗ ಬೇಸ್ ನಾಬ್ ಏರಿಸುವುದು ಅಂದರೆ ನೀರಾದ ಸಾರಿಗೆ ಇನ್ನೊಂದು ಚೊಂಬು ನೀರು ಸುರಿದ ಹಾಗೆ. ಹೆಡ್ಡಿನಲ್ಲಿ ಹೈ-ಪಾಸ್ ಫಿಲ್ಟರ್ (ತೀರಾ ಕೆಳಗಿನ ಸದ್ದನ್ನು ತಡೆಯುವುದು) ಇದ್ದರೆ 30-40 ಹರ್ಟ್ಸಿಗೆ ಇಡಿ. ಲೋ ಕಡಿಮೆ ಮಾಡಿದ್ದಕ್ಕೆ ಸದ್ದು ಗಟ್ಟಿಯಾಗಿದ್ದು ನೋಡಿ ಆಶ್ಚರ್ಯ ಆಗುತ್ತದೆ.

ಮರ 18 ಎಂಎಂ ಪ್ಲೈವುಡ್ ಇರಲಿ, ಒಳಗೆ ಅಡ್ಡಪಟ್ಟಿ ಕೊಡಿಸಿ. ಎಂಡಿಎಫ್ ಬೇಡ. ಸಾಗರ, ಶಿರಸಿ, ಮಂಗಳೂರು ಕಡೆ ಮಳೆಗಾಲದಲ್ಲಿ ಅದು ಉಬ್ಬಿ ಮೂಲೆ ಬಿಟ್ಟುಕೊಳ್ಳುತ್ತದೆ. ಮತ್ತೆ ಸ್ವಂತ ಮಾಡಿದ್ದಕ್ಕೆ ಮರುಮಾರಾಟದ ಬೆಲೆ ಸೊನ್ನೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಡಲ್ಲಾಸ್_ಕನ್ನಡಿಗ

ಯಾರಾದರೂ ಅಮೆರಿಕದಿಂದ ತರಿಸುವ ಯೋಚನೆಯಲ್ಲಿದ್ದರೆ: ಬರೀ ಕ್ಯಾಬ್ ಆದರೆ ಕರೆಂಟಿನ ತಲೆನೋವು ಇಲ್ಲ, ಅದಕ್ಕೆ ಪ್ಲಗ್ಗೇ ಇಲ್ಲವಲ್ಲ. ಹೆಡ್ ಅಥವಾ ಕಾಂಬೋ (ಆಂಪ್, ಸ್ಪೀಕರ್ ಒಂದೇ ಡಬ್ಬದಲ್ಲಿರುವುದು) ಆದರೆ ಹಿಂದುಗಡೆ 120/230 ಅಂತ ಇದೆಯಾ ನೋಡಿ, ಬರೀ 120 ಇದ್ದರೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದರ ಭಾರವೇ ಇನ್ನೊಂದು ಆಂಪಿನಷ್ಟು. ಫೋರ್-ಟೆನ್ ಸೂಟ್‌ಕೇಸಿನಲ್ಲಿ ಬರಲ್ಲ. ನಿಯೋಡಿಮಿಯಂನ ಒನ್-ಟ್ವೆಲ್ವ್ (12 ಇಂಚಿನ ಒಂದೇ ಸ್ಪೀಕರ್) ಆದರೆ ಯಾರಾದರೂ ತಂದುಕೊಟ್ಟಾರು, ನಮ್ಮ ಕಸಿನ್‌ಗಳ ತಾಳ್ಮೆ ನೋಡಿಕೊಂಡು ಕೇಳಿ.

ಮೈಸೂರು_ಬೇಸ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಪ್ರಾಕ್ಟೀಸಲ್ಲಿ ನೀವು ಹೇಳಿದ್ದೆಲ್ಲ ಮಾಡಿದೆ. ಬೇಸ್ ಇಳಿಸಿ, 500 ಹರ್ಟ್ಸ್ ಹತ್ತಿರ ಏರಿಸಿ, ಕ್ಯಾಬನ್ನು ಕಬ್ಬಿಣದ ಸ್ಟೂಲ್ ಮೇಲೆ ಇಟ್ಟೆ. ಕೀಬೋರ್ಡಿನವನು "ಏನೋ ಹೊಸ ಆಂಪ್ ತಂದ್ಯಾ" ಅಂತ ಕೇಳಿದ. ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ ಈಗ. ಆದರೆ ಡ್ರಮ್ಮರ್ ಜೋರು ಮಾಡಿದಾಗ ಸ್ಪೀಕರ್ ದಮ್ಮು ಕಟ್ಟಿದ ಹಾಗೆ ಪರ್ ಅನ್ನುತ್ತದೆ. ಅಂದರೆ ಇದರ ಮಿತಿ ಇಷ್ಟೇ ಅನ್ನಿಸುತ್ತದೆ.

ಫೋರ್-ಟೆನ್ ಬಿಟ್ಟೆ. 8 ಓಮಿನ ಟೂ-ಟೆನ್ ಒಂದು ಈಗ, ಮುಂದೆ ದುಡ್ಡಾದಾಗ ಅಂಥದ್ದೇ ಇನ್ನೊಂದು ಅಂತ ಯೋಚನೆ. ಅಲ್ಲಿಯವರೆಗೆ ಟೂ-ಟೆನ್ ಜೊತೆಗೆ ಈಗಿರುವ 15 ಸೇರಿಸಿ ನುಡಿಸಬಹುದಾ? ಟ್ವೀಟರ್ (ಮೇಲಿನ ಸದ್ದಿನ ಚಿಕ್ಕ ಸ್ಪೀಕರ್) ಇರುವುದು ತಗೊಳ್ಳೋದಾ, ಇಲ್ಲದ್ದಾ? ಮತ್ತೆ ನೆಟ್ಟಗೆ ನಿಲ್ಲಿಸಿ ಇಡಬೇಕು ಅನ್ನುತ್ತಾರೆ ಕೆಲವರು, ಅದು ಯಾಕೆ?

ಓಮ್_ನಮಃ

15 ಜೊತೆ ಸೇರಿಸಿದರೆ ಓಮ್ ಲೆಕ್ಕ ಸರಿಹೋಗುತ್ತದೆ, ಸದ್ದಿನ ಲೆಕ್ಕ ಲಾಟರಿ. ಎರಡು ಬೇರೆ ಕ್ಯಾಬ್ ಸೇರಿದಾಗ ಕೆಲವು ಫ್ರೀಕ್ವೆನ್ಸಿಯಲ್ಲಿ ಒಂದನ್ನೊಂದು ತಿನ್ನುತ್ತವೆ. ಎರಡಕ್ಕೂ ಒಂದೇ ವೋಲ್ಟೇಜ್ ಹೋಗುವುದರಿಂದ, ದುರ್ಬಲವಾದದ್ದು ಮೊದಲು ಕೈ ಕೊಡುತ್ತದೆ. ನಿಮ್ಮ 15 ಈಗಾಗಲೇ ಪರ್ ಅನ್ನುತ್ತಿದೆಯಲ್ಲ, ಟೂ-ಟೆನ್ ಸೇರಿಸಿದ್ದಕ್ಕೆ ಅದು ಸುಮ್ಮನಾಗುವುದಿಲ್ಲ. ಅದನ್ನು ಮಾರಿ ಆ ದುಡ್ಡನ್ನು ಎರಡನೇ ಟೂ-ಟೆನ್‌ಗೆ ಹಾಕಿ.

ನೆಟ್ಟಗೆ ನಿಲ್ಲಿಸುವುದಕ್ಕೆ ಕಾರಣ ಇದೆ. ಸ್ಪೀಕರ್‌ಗಳು ಅಕ್ಕಪಕ್ಕ ಇದ್ದರೆ ಮಿಡ್ ಮತ್ತು ಮೇಲಿನ ಸದ್ದು ಎಡಬಲಕ್ಕೆ ಹರಡುವುದು ಕಡಿಮೆ. ಎದುರಿಗೆ ನಿಂತವನಿಗೆ ಒಂದು ಸದ್ದು, ಎರಡು ಹೆಜ್ಜೆ ಪಕ್ಕಕ್ಕೆ ಹೋದರೆ ಇನ್ನೊಂದು. ಒಂದರ ಮೇಲೊಂದು ಇದ್ದರೆ ಅಗಲಕ್ಕೆ ಚೆನ್ನಾಗಿ ಹರಡುತ್ತದೆ. ಮೇಲಿನ ಸ್ಪೀಕರ್ ಕಿವಿಗೂ ಹತ್ತಿರ.

ಗೋಡೆಯ ವಿಚಾರ ಯಾರೂ ಹೇಳಲಿಲ್ಲ. ಕ್ಯಾಬ್ ಹಿಂದಿನ ಗೋಡೆಯಿಂದ ಸ್ಪೀಕರ್ ಸುಮಾರು 1 ಮೀಟರ್ ಮುಂದಿದ್ದರೆ, ಗೋಡೆಗೆ ಬಡಿದು ಬಂದ ಅಲೆ 86 ಹರ್ಟ್ಸ್ ಹತ್ತಿರ ಉಲ್ಟಾ ಸೇರಿ ಸದ್ದನ್ನು ತಿಂದುಹಾಕುತ್ತದೆ. ಆ ಜಾಗದಲ್ಲೇ ನಮ್ಮ ಇ, ಎಫ್ ಸ್ವರಗಳ ಜೀವ ಇರುವುದು. ಪಬ್ಬಿನಲ್ಲಿ ಕ್ಯಾಬನ್ನು ಗೋಡೆಗೆ ಆದಷ್ಟು ಒತ್ತಿ ಇಟ್ಟು ನೋಡಿ. ಮೂಲೆಗೆ ಮಾತ್ರ ತಳ್ಳಬೇಡಿ, ಮತ್ತೆ ಗುಂಯ್ ಶುರುವಾಗುತ್ತದೆ.

ಹಳೇ_ತಂತಿ

ಟ್ವೀಟರ್ ಇರುವುದನ್ನೇ ತಗೊಳ್ಳಿ, ಹಿಂದೆ ಅದನ್ನು ಇಳಿಸುವ ನಾಬ್ ಇದೆಯಾ ನೋಡಿ. ಸ್ಲ್ಯಾಪ್ ನುಡಿಸುವಾಗ ಬೇಕಾಗುತ್ತದೆ, ಡಿಸ್ಟಾರ್ಷನ್ ಹಾಕಿದಾಗ ಪೂರ್ತಿ ಆಫ್ ಮಾಡಿ, ಇಲ್ಲದಿದ್ದರೆ ಕಿವಿಗೆ ಮರಳು ಎರಚಿದಂತಿರುತ್ತದೆ.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ಮಲ್ಟಿಮೀಟರ್ ಜೇಬಿನಲ್ಲಿರಲಿ. 8 ಓಮ್ ಕ್ಯಾಬಿನ ಸಾಕೆಟ್ಟಿನಲ್ಲಿ ಅಳೆದರೆ 6 ಓಮ್ ಆಸುಪಾಸು ತೋರಿಸಬೇಕು, ಅದು ಸರಿಯೇ. 12 ತೋರಿಸಿದರೆ ಅಥವಾ 3 ತೋರಿಸಿದರೆ ಒಳಗೆ ಯಾರೋ ಸ್ಪೀಕರ್ ಬದಲಿಸಿದ್ದಾರೆ, ಇಲ್ಲವೇ ಒಂದು ಸತ್ತಿದೆ. ಜಾಲರಿ ಬಿಚ್ಚಿಸಿ ಕೋನಿನ ಎರಡೂ ಬದಿಗೆ ಬೆರಳಿಟ್ಟು ಸಮನಾಗಿ, ಮೆಲ್ಲಗೆ ಒತ್ತಿ. ಒಳಗೆ ಕರಕರ ಅಂದರೆ ಬೇಡ. ಆಮೇಲೆ ಓಪನ್ ಇಯಿಂದ ಶುರು ಮಾಡಿ ಒಂದೊಂದೇ ಫ್ರೆಟ್ ನಿಧಾನವಾಗಿ ಮೇಲಕ್ಕೆ ಹೋಗಿ, ಪ್ರಾಕ್ಟೀಸಿನಷ್ಟೇ ಜೋರಲ್ಲಿ. ಸಡಿಲವಾದ ಜಾಲರಿ, ಬಿಟ್ಟ ಅಂಟು, ಹರಿದ ಅಂಚು ಎಲ್ಲ ಯಾವುದೋ ಒಂದು ಸ್ವರದಲ್ಲಿ ಬಾಯಿ ಬಿಡುತ್ತವೆ. ಮಾರುವವರು "ನೈಬರ್ಸ್ ಇದ್ದಾರೆ, ಮೆತ್ತಗೆ" ಅಂದರೆ ಇನ್ನೊಂದು ದಿನ ಬರುತ್ತೇನೆ ಅಂತ ಎದ್ದು ಬನ್ನಿ.

ಹುಬ್ಬಳ್ಳಿ_ಆರ್ಕೆಸ್ಟ್ರಾ

ಕೇಬಲ್ ಬಗ್ಗೆ ಹೇಳುವುದು ಬಿಟ್ಟಿರಿ. ಹೆಡ್ಡಿನಿಂದ ಕ್ಯಾಬಿಗೆ ಗಿಟಾರ್ ಕೇಬಲ್ ಹಾಕಬೇಡಿ, ಜಾಕ್ ಒಂದೇ ಥರ ಕಂಡರೂ ಒಳಗಿನ ತಂತಿ ಕೂದಲಿನಷ್ಟು ಸಣ್ಣ, ಬಿಸಿಯಾಗುತ್ತದೆ. ಸ್ಪೀಕಾನ್ (ಸ್ಪೀಕರಿಗೆಂದೇ ಮಾಡಿದ ಸಾಕೆಟ್) ಇದ್ದರೆ ಸ್ಪೀಕಾನ್ ಕೇಬಲ್, ತಿರುಗಿಸಿದರೆ ಲಾಕ್ ಆಗುತ್ತದೆ, ಕಾಲಿಗೆ ಸಿಕ್ಕರೂ ಕಿತ್ತು ಬರುವುದಿಲ್ಲ. ಎರಡು ತಗೊಂಡು ಒಂದನ್ನು ಬ್ಯಾಗಿನಾಗೇ ಇಡಿ. ಹಳ್ಳಿಯಾಗ ರಾತ್ರಿ ಹತ್ತಕ್ಕೆ ಯಾವ ಅಂಗಡಿಯೂ ತೆರೆದಿರುವುದಿಲ್ಲ ರೀ.

ಮೈಸೂರು_ಬೇಸ್

ಸರಿ, ಭಾನುವಾರ ಬೆಂಗಳೂರಿನಲ್ಲಿ ಒಂದು ಟೂ-ಟೆನ್ ನೋಡಲು ಹೋಗುತ್ತಿದ್ದೇನೆ. ನನ್ನ ಹೆಡ್ಡು, ನನ್ನ ಬೇಸ್, ಮಲ್ಟಿಮೀಟರ್ ಮೂರೂ ತಗೊಂಡು ಹೋಗುತ್ತೇನೆ. ಹದಿನೈದು ಇಂಚಿನದು ಯಾರಿಗಾದರೂ ಬೇಕಿದ್ದರೆ ಮೆಸೇಜ್ ಮಾಡಿ, ಮೈಸೂರಿಗೆ ಬಂದು ನೋಡಿಕೊಂಡು ಹೋಗಬಹುದು. ಮನೆಯಲ್ಲಿ ನುಡಿಸುವವರಿಗೆ ಮಾತ್ರ. @ಹದಿನೈದಿಂಚು ಅವರಿಗೆ ಮೊದಲ ಆದ್ಯತೆ 😄